ಸಮೂಹಧರ್ಮವೂ ಸಾರಿಗೆಯ ಸಂಘಗಳೂ

ನಗರದ ಬೀದಿಯಲ್ಲಿ ಓಡುವ ಬಸ್ಸನ್ನು ಎಲ್ಲರೂ ಕಾಣುತ್ತಾರೆ. ಅದನ್ನು ಓಡಿಸುವ ಸಂಸ್ಥೆಯ ಹೆಸರನ್ನು ಬಸ್ಸಿನ ಮೈಮೇಲೆ ಓದಿ ತಿಳಿಯುತ್ತಾರೆ. ಆದರೆ ಅಂತಹ ಅನೇಕ ಸಂಸ್ಥೆಗಳು ಒಂದುಗೂಡಿ ತಮಗಾಗಿ ಮತ್ತೊಂದು ಸಂಘವನ್ನು ಕಟ್ಟಿಕೊಂಡಿರುವುದನ್ನು ಬಲ್ಲವರು ವಿರಳ. ಆ ಸಂಘವು ಬಸ್ಸನ್ನು ಓಡಿಸುವುದಿಲ್ಲ, ಟಿಕೆಟ್ಟನ್ನು ಮಾರುವುದಿಲ್ಲ, ಯಾರಿಗೂ ಪರವಾನಗಿಯನ್ನು ಕೊಡುವ ಅಧಿಕಾರವೂ ಅದಕ್ಕಿಲ್ಲ. ಹಾಗಿದ್ದರೂ ಬಸ್ಸಿಗೆ ತೊಡಿಸಿದ ಟೈರಿನ ಬೆಲೆ, ರೈಲುಗಾಡಿಯ ಭಾಗಗಳ ಅಳತೆ, ಸರ್ಕಾರವು ಸಾರಿಗೆಗೆ ಕೊಡುವ ಸಹಾಯಧನ, ಇವುಗಳ ಹಿಂದೆ ಅನೇಕ ವೇಳೆ ಆ ಸಂಘದ ಪರಿಶ್ರಮವಿರುವುದು. ಆಜ್ಞಾಪಿಸುವ ಬಲವಿಲ್ಲದ ಒಂದು ಸಮೂಹವು ತನ್ನ ಸದಸ್ಯರನ್ನು ಹೇಗೆ ಕಟ್ಟಿಕೊಂಡಿರುವುದು, ಅವರಿಗೆ ಏನನ್ನು ಸಲ್ಲಿಸುವುದು, ಎಲ್ಲಿ ಸಡಿಲಾಗುವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪಾಠಶಾಲೆಯಲ್ಲಿ ಧರ್ಮಶಾಸ್ತ್ರವನ್ನೋದಿದವನು ಮೋಟಾರುಗಾಡಿಗಳ ವಿಚಾರಕ್ಕೆ ಕೈಹಾಕುವುದೇಕೆಂದು ವಾಚಕರು ಕೇಳಬಹುದು. ಗಾಡಿ ಹೊಸದು, ಸಮೂಹವು ಹೊಸದಲ್ಲ. ಸಮೂಹದ ಕಟ್ಟುಪಾಡುಗಳನ್ನು ನಮ್ಮ ಶಾಸ್ತ್ರಕಾರರು ವಿಸ್ತಾರವಾಗಿ ವಿಚಾರಿಸಿರುವುದರಿಂದ, ಆ ಪರಿಭಾಷೆಯನ್ನು ಕೈಯಲ್ಲಿ ಹಿಡಿದು ಈ ಹೊಸ ಸಂಘಗಳನ್ನು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆಯೆಂದು ನನಗೆ ತೋರಿದೆ.

೧. ಸಂವಿತ್ತಿನ ಸ್ವರೂಪ

ಹದಿನೆಂಟು ವ್ಯವಹಾರಪದಗಳಲ್ಲಿ ಸಂವಿದ್ವ್ಯತಿಕ್ರಮವೆಂಬುದು ಒಂದು. ನಾರದನು ಇದನ್ನೇ ಸಮಯಸ್ಯಾನಪಾಕರ್ಮವೆಂದು ಕರೆಯುವನು. ಸಂವಿತ್ತು ಅಥವಾ ಸಮಯವೆಂದರೆ ಹಲವರು ಕೂಡಿ ತಾವಾಗಿಯೇ ಮಾಡಿಕೊಂಡ ಕಟ್ಟಳೆ. ಅದನ್ನು ಮೀರುವುದೇ ವ್ಯತಿಕ್ರಮ. ಯಾಜ್ಞವಲ್ಕ್ಯನು ಈ ಪ್ರಕರಣವನ್ನು ಕೆಲವೇ ಶ್ಲೋಕಗಳಲ್ಲಿ ಮುಗಿಸಿದ್ದಾನೆ. ಅದಕ್ಕೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣಪಟ್ಟಣದಲ್ಲಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಇದ್ದವನು.

ಪ್ರಕೃತಕ್ಕೆ ಬೇಕಾದ ವಿಧಿಗಳು ಐದು. ಸ್ವಧರ್ಮಕ್ಕೆ ವಿರೋಧವಿಲ್ಲದ ಸಮಯವನ್ನು ರಾಜನ ಶಾಸನದಂತೆಯೇ ಎಚ್ಚರಿಕೆಯಿಂದ ಪಾಲಿಸತಕ್ಕದ್ದು ಎಂಬುದು ಮೊದಲನೆಯದು. ಗಣದ್ರವ್ಯವನ್ನು, ಅಂದರೆ ಸಮೂಹದ ಹಣವನ್ನು, ಅಪಹರಿಸಿದವನ ಸರ್ವಸ್ವವನ್ನೂ ಕಿತ್ತುಕೊಂಡು ಅವನನ್ನು ದೇಶದಿಂದ ಹೊರಡಿಸಬೇಕೆಂಬುದು ಎರಡನೆಯದು. ಸಮೂಹದ ಕಾರ್ಯಕ್ಕಾಗಿ ಹೋದವನಿಗೆ ಅಲ್ಲಿ ಏನು ದೊರೆತರೂ ಅದನ್ನು ಸಮೂಹಕ್ಕೆ ಒಪ್ಪಿಸಬೇಕು, ತಾನಾಗಿ ಒಪ್ಪಿಸದಿದ್ದರೆ ಹನ್ನೊಂದರಷ್ಟು ತೆರಬೇಕು ಎಂಬುದು ಮೂರನೆಯದು. ಕಾರ್ಯಚಿಂತಕರು ಧರ್ಮವನ್ನರಿತವರೂ ಶುಚಿಗಳೂ ಲೋಭವಿಲ್ಲದವರೂ ಆಗಿರತಕ್ಕದ್ದು, ಅಂಥವರು ಸಮೂಹದ ಹಿತಕ್ಕಾಗಿ ಆಡಿದ ಮಾತನ್ನು ಉಳಿದವರು ನಡೆಸತಕ್ಕದ್ದು ಎಂಬುದು ನಾಲ್ಕನೆಯದು. ಇವರು ಇಬ್ಬರೋ ಮೂವರೋ ಐವರೋ ಇರಬೇಕೆಂದು ಬೃಹಸ್ಪತಿಯ ಮತ. ಶ್ರೇಣಿ, ನೈಗಮ, ಗಣ ಮೊದಲಾದವುಗಳ ಬೇರೆ ಬೇರೆ ವ್ಯವಸ್ಥೆಯನ್ನೂ ಪೂರ್ವವೃತ್ತಿಯನ್ನೂ ರಾಜನು ಕಾಪಾಡಬೇಕೆಂಬುದು ಐದನೆಯದು. ಮುಖ್ಯರಿಗೂ ಸಮೂಹಕ್ಕೂ ವಿಸಂವಾದ ಹುಟ್ಟಿದಲ್ಲಿ ರಾಜನು ವಿಚಾರಿಸಿ ಇಬ್ಬರನ್ನೂ ದಾರಿಗೆ ತರಬೇಕೆಂದು ಬೃಹಸ್ಪತಿಯು ಸೇರಿಸುವನು.

ಇದು ಬರಿಯ ಪುಸ್ತಕದ ಮಾತಾಗಿರಲಿಲ್ಲವೆಂಬುದಕ್ಕೆ ಕನ್ನಡನಾಡಿನ ಶಾಸನಗಳೇ ಸಾಕ್ಷಿ. ಐಹೊಳೆಯ ಹೆಸರನ್ನು ಹೊತ್ತ ಐಯ್ಯಾವೊಳೆಯ ಐನೂರ್ವರು ತಮ್ಮ ಕಟ್ಟಳೆಯನ್ನು ವೀರಬಣಂಜುಧರ್ಮವೆಂದು ಕರೆದುಕೊಂಡು, ಎತ್ತು ಕತ್ತೆಗಳ ಮೇಲೆ ಸರಕನ್ನು ಹೇರಿ ನಾಡುನಾಡುಗಳನ್ನು ತಿರುಗಿದವರು. ಸುಮಾತ್ರದ್ವೀಪದಲ್ಲಿ ೧೦೮೮ರ ತಮಿಳು ಶಾಸನವೊಂದರಲ್ಲಿಯೂ ಇವರ ಹೆಸರು ದೊರೆತಿದೆ. ಹೇರಿಗೆ ಇಷ್ಟೆಂದು ತಮ್ಮ ಮೇಲೆ ತಾವೇ ತೆರಿಗೆಯನ್ನು ವಿಧಿಸಿಕೊಂಡು ದೇವಾಲಯಗಳಿಗೆ ಬಿಟ್ಟ ಇವರ ದಾನಗಳನ್ನು ಶಾಸನಗಳಲ್ಲಿ ಓದುತ್ತೇವೆ. ಹೆಚ್ಚು ಹೇರುಳ್ಳವನು ಹೆಚ್ಚು ಕೊಡುವನು ಎಂಬ ಈ ಕ್ರಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

೨. ಕುದುರೆಗಾಡಿಯ ಕಾಲದ ಒಂದು ಸಂಘ

ಈಗ ಹೊಸ ಸಂಘಗಳಲ್ಲಿ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಮೇರಿಕದ ಸಂಯುಕ್ತಸಂಸ್ಥಾನಗಳ ಸಾರಿಗೆಸಂಘವು ಈ ಜಾತಿಯವುಗಳಲ್ಲಿ ಬಹಳ ಹಳೆಯದು. ಅದರ ಚರಿತ್ರೆಯು ಸಂಘದ ಸ್ವಭಾವವನ್ನು ಚೆನ್ನಾಗಿ ತೋರಿಸಿಕೊಡುವುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ನಗರಗಳ ಬೀದಿಗಳಲ್ಲಿ ಕಬ್ಬಿಣದ ಹಳಿಯ ಮೇಲೆ ಗಾಡಿಗಳನ್ನು ಕುದುರೆಗಳು ಎಳೆಯುತ್ತಿದ್ದುವು. ಒಂದು ಕುದುರೆಯು ದಿನದಲ್ಲಿ ಕೆಲವೇ ಗಂಟೆ ದುಡಿಯಬಲ್ಲುದಾದ್ದರಿಂದ ಒಂದೊಂದು ಗಾಡಿಗೂ ಹಲವು ಜೊತೆ ಕುದುರೆಗಳು ಬೇಕಾಗುತ್ತಿದ್ದುವು. ಲಾಯ, ಮೇವು, ಲಾಳ, ವೈದ್ಯ ಇವುಗಳ ಖರ್ಚೇ ಕಂಪನಿಯ ಖರ್ಚಿನಲ್ಲಿ ದೊಡ್ಡ ಭಾಗ. ೧೮೭೨ರಲ್ಲಿ ಕುದುರೆಗಳಿಗೆ ಅಂಟುರೋಗವೊಂದು ಹಬ್ಬಿ ದೊಡ್ಡ ನಗರಗಳ ಸಂಚಾರವು ನಿಂತುಹೋದಾಗ, ಒಂದು ಊರಿನ ಕಂಪನಿಯ ಕಷ್ಟವೂ ಇನ್ನೊಂದು ಊರಿನದರ ಕಷ್ಟವೂ ಒಂದೇ ಎಂಬುದು ಎಲ್ಲರಿಗೂ ಕಣ್ಣಿಗೆ ಕಟ್ಟಿತು. ಅದಾದ ಹತ್ತು ವರ್ಷಕ್ಕೆ, ೧೮೮೨ನೆಯ ಇಸವಿ ಡಿಸೆಂಬರ್ ೧೨ರಂದು, ಬಾಸ್ಟನ್ ನಗರದಲ್ಲಿ ಕಂಪನಿಗಳ ಪ್ರತಿನಿಧಿಗಳು ಸೇರಿ ಅಮೇರಿಕನ್ ಸ್ಟ್ರೀಟ್ ರೈಲ್ವೆ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದರು. ಕುದುರೆಗೆ ಇಡುವ ಓಟ್ಸ್ ಧಾನ್ಯದ ವಿಚಾರವೂ ಆ ಮೊದಲ ಸಭೆಯ ಚರ್ಚೆಗೆ ಬಂದಿತ್ತು. ಇಂದು ಇದನ್ನು ಕೇಳಿದರೆ ನಗು ಬರಬಹುದು. ಆದರೆ ಕುದುರೆಯ ಮೇವಿನ ಲೆಕ್ಕವನ್ನು ಒಬ್ಬ ಯಜಮಾನನು ಇನ್ನೊಬ್ಬನಿಗೆ ಬಿಚ್ಚಿ ಹೇಳಿದ ಆ ಗಳಿಗೆಯಲ್ಲಿಯೇ ಸಂಘವು ಹುಟ್ಟಿತು.

ವ್ಯಾಪಾರಿಗಳು ತಮ್ಮ ಲೆಕ್ಕವನ್ನು ಗುಟ್ಟಾಗಿಡುವುದು ಲೋಕರೂಢಿ. ಇವರು ಹೇಗೆ ಬಿಚ್ಚಿ ಹೇಳಿದರು? ಬಾಸ್ಟನ್ನಿನ ಗಾಡಿಯು ಷಿಕಾಗೋದ ಪ್ರಯಾಣಿಕನನ್ನು ಕಿತ್ತುಕೊಳ್ಳಲಾರದು. ನಗರ ಸಾರಿಗೆಯು ತನ್ನ ಊರಿಗೆ ಕಟ್ಟುಬಿದ್ದ ವೃತ್ತಿ. ಊರು ಊರುಗಳ ನಡುವೆ ಗಿರಾಕಿಗಾಗಿ ಸ್ಪರ್ಧೆಯಿಲ್ಲ. ಆದಕಾರಣ ಒಬ್ಬನು ಕಲಿತುದನ್ನು ಇನ್ನೊಬ್ಬನಿಗೆ ಹೇಳಿದರೆ ಹೇಳಿದವನಿಗೆ ನಷ್ಟವಿಲ್ಲ, ಕೇಳಿದವನಿಗೆ ಲಾಭವುಂಟು. ಸಾರಿಗೆಸಂಘಗಳ ಆಯುಸ್ಸಿಗೆ ಇದೇ ಮೂಲವೆಂದು ನನ್ನ ಅಭಿಪ್ರಾಯ.

ಆ ಸಂಘದ ಹೆಸರು ಮತ್ತೆ ಮತ್ತೆ ಬದಲಾಯಿತು. ೧೮೮೮ರಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಯಂತ್ರಶಿಲ್ಪಿಯು ರಿಚ್‌ಮಂಡ್ ನಗರದಲ್ಲಿ ವಿದ್ಯುತ್ತಿನಿಂದ ಟ್ರ್ಯಾಮುಗಳನ್ನು ಯಶಸ್ವಿಯಾಗಿ ಓಡಿಸಿದ ಮೇಲೆ ಕುದುರೆಗಳು ಲಾಯವನ್ನು ಬಿಟ್ಟುವು. ೧೯೦೫ರಲ್ಲಿ ಊರಿಂದೂರಿಗೆ ಹೋಗುವ ವಿದ್ಯುದ್ರೈಲುಗಳೂ ಸಂಘದ ಹೆಸರಿನಲ್ಲಿ ಸೇರಿದುವು. ೧೯೧೦ರಲ್ಲಿ ಎಲೆಕ್ಟ್ರಿಕ್ ರೈಲ್ವೆ ಎಂಬ ಹೆಸರು ಬಂದಿತು. ಬಸ್ಸುಗಳು ಪ್ರಬಲವಾದ ಮೇಲೆ, ೧೯೩೨ರಲ್ಲಿ, ಅಮೇರಿಕನ್ ಟ್ರಾನ್ಸಿಟ್ ಅಸೋಸಿಯೇಷನ್ ಎಂದಾಯಿತು. ೧೯೭೪ರಲ್ಲಿ ನಗರಗಳ ವೇಗರೈಲುಗಳ ಸಂಘವು ಇದರೊಡನೆ ಕೂಡಿಕೊಂಡಿತು. ೨೦೦೦ದಿಂದ ಇದು ಅಮೇರಿಕನ್ ಪಬ್ಲಿಕ್ ಟ್ರಾನ್ಸ್‌ಪೋರ್ಟೇಷನ್ ಅಸೋಸಿಯೇಷನ್ ಎಂಬ ಹೆಸರಿನಿಂದ ನಡೆಯುತ್ತಿದೆ. ವಾಹನವು ಬದಲಾದಂತೆಲ್ಲ ಸಂಘವು ಹೆಸರನ್ನು ಬದಲಾಯಿಸಿತೇ ಹೊರತು ಮುರಿದುಬೀಳಲಿಲ್ಲ. ಅದರ ಕಟ್ಟು ವಾಹನದಲ್ಲಿರದೆ ಸಂವಿತ್ತಿನಲ್ಲಿದ್ದಿತು.

೩. ಆಡಳಿತದ ಕ್ರಮ

ಈ ಸಂಘದ ಸದಸ್ಯರು ವ್ಯಕ್ತಿಗಳಲ್ಲ, ಸಂಸ್ಥೆಗಳು. ಇವುಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಬಸ್ಸು ರೈಲುಗಳನ್ನು ಓಡಿಸುವ ನಗರಸಂಸ್ಥೆಗಳು ಮೊದಲನೆಯ ವರ್ಗ. ವಾಹನ, ಯಂತ್ರ, ಬಿಡಿಭಾಗಗಳನ್ನು ತಯಾರಿಸಿ ಮಾರುವ ಮತ್ತು ಸಲಹೆ ಕೊಡುವ ಉದ್ಯಮಗಳು ಎರಡನೆಯ ವರ್ಗ. ರಾಜ್ಯಗಳ ಸಾರಿಗೆ ಇಲಾಖೆಗಳು, ಯೋಜನಾಮಂಡಲಿಗಳು, ವಿಶ್ವವಿದ್ಯಾನಿಲಯಗಳು ಮೂರನೆಯ ವರ್ಗ. ಸಾರಿಗೆಸಂಸ್ಥೆಗಳು ತಮ್ಮ ತಮ್ಮ ಗಾತ್ರಕ್ಕೆ ತಕ್ಕಂತೆ ವಾರ್ಷಿಕ ಚಂದಾವನ್ನು ಕೊಡುತ್ತವೆ. ಐನೂರ್ವರ ಹೇರಿನ ಲೆಕ್ಕವೇ ಇಲ್ಲಿಯೂ ಇರುವುದನ್ನು ಗಮನಿಸಬಹುದು.

ಸದಸ್ಯರಿಂದ ಆರಿಸಲ್ಪಟ್ಟ ಆಡಳಿತಮಂಡಲಿಯೂ ಅದರೊಳಗೆ ಸಣ್ಣದಾದ ಕಾರ್ಯಸಮಿತಿಯೂ ಇರುತ್ತವೆ. ಮಂಡಲಿಯ ಅಧ್ಯಕ್ಷಪದವಿಯು ಸದಸ್ಯಸಂಸ್ಥೆಗಳವರಲ್ಲಿ ಒಬ್ಬರಿಗೆ ಒಂದು ವರ್ಷದ ಅವಧಿಗೆ ಸಲ್ಲುವುದು; ಅದಕ್ಕೆ ಸಂಬಳವಿಲ್ಲ. ನಿತ್ಯದ ಕಾರ್ಯವನ್ನು ವಾಷಿಂಗ್ಟನ್ನಿನಲ್ಲಿರುವ ಕಚೇರಿಯಲ್ಲಿ ಸಂಬಳದ ಮುಖ್ಯಾಧಿಕಾರಿಯೂ ಸಿಬ್ಬಂದಿಯೂ ನಡೆಸುತ್ತಾರೆ. ಅಂದರೆ ನಿರ್ಣಯಿಸುವವನು ಒಬ್ಬ, ನಡೆಸುವವನು ಇನ್ನೊಬ್ಬ. ಅಧ್ಯಕ್ಷನು ವರ್ಷ ಕಳೆದೊಡನೆ ತನ್ನ ಊರಿನ ಕೆಲಸಕ್ಕೆ ಹಿಂದಿರುಗತಕ್ಕವನಾದ್ದರಿಂದ ಸಂಘವು ಒಬ್ಬನ ಸೊತ್ತಾಗುವ ಭಯವು ಕಡಮೆ. ಆದರೆ ವರ್ಷ ವರ್ಷವೂ ಅಧ್ಯಕ್ಷನು ಬದಲಾಗುತ್ತಿದ್ದರೆ ಬದಲಾಗದ ಮುಖ್ಯಾಧಿಕಾರಿಯ ಕೈಯೇ ಕ್ರಮೇಣ ಮೇಲಾಗುವುದೂ ಸಹಜ. ಕಾರ್ಯಚಿಂತಕರು ಧರ್ಮಜ್ಞರಾಗಿರಬೇಕೆಂಬ ವಿಧಿಗೆ ಇಲ್ಲಿಯೇ ಅರ್ಥವಿರುವುದು. ಸಂಘದ ನಿಯಮಗಳನ್ನೂ ಲೆಕ್ಕಪತ್ರವನ್ನೂ ಸ್ವತಃ ಓದಿ ತಿಳಿಯದ ಮಂಡಲಿಯು ಇತರರು ಬರೆದುದಕ್ಕೆ ರುಜು ಹಾಕುವುದರಲ್ಲಿಯೇ ಅವಧಿಯನ್ನು ಕಳೆಯುವುದು.

ಸಂಘದ ನಿಜವಾದ ಕೆಲಸವು ನಡೆಯುವುದು ಉಪಸಮಿತಿಗಳಲ್ಲಿ. ವಾಹನಗಳ ದುರಸ್ತಿ, ಸಂಚಾರದ ಸುರಕ್ಷಿತತೆ, ಹಣಕಾಸು, ಕಾನೂನು ಇತ್ಯಾದಿ ಒಂದೊಂದು ವಿಷಯಕ್ಕೂ ಬೇರೆ ಬೇರೆ ಊರಿನ ತಜ್ಞರು ಸೇರಿ ವಿಚಾರಿಸುತ್ತಾರೆ. ದುರಸ್ತಿಯ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದವನ ಮಾತಿಗೆ ಅಲ್ಲಿ ಬೆಲೆಯುಂಟು.

೪. ಸದಸ್ಯರಿಗೆ ಸಲ್ಲುವ ಸೇವೆ

ಸಂಘದ ಸೇವೆಯನ್ನು ಜ್ಞಾನ, ಮಾನ, ವಾಣಿ ಎಂದು ಮೂರು ಮಾತುಗಳಲ್ಲಿ ಸಂಗ್ರಹಿಸಬಹುದು.

ಜ್ಞಾನವೆಂದರೆ ಅನುಭವದ ವಿನಿಮಯ. ದೇಶದ ಸಾರಿಗೆಯಲ್ಲಿ ಎಷ್ಟು ಜನ ಪ್ರಯಾಣಮಾಡಿದರೆಂಬ ಲೆಕ್ಕವನ್ನು ಸಂಘವು ಮೂರು ತಿಂಗಳಿಗೊಮ್ಮೆ ಕೂಡಿಸಿ ಪ್ರಕಟಿಸುವುದು. ಯಾವುದಾದರೂ ಸಂಸ್ಥೆಯು ತನ್ನ ಕೆಲಸದಲ್ಲಿ ದೋಷವಿದೆಯೆಂದು ಶಂಕಿಸಿ ಕೇಳಿಕೊಂಡರೆ, ಬೇರೆ ಊರುಗಳ ಅನುಭವಿಗಳ ತಂಡವೊಂದು ಬಂದು, ಕೆಲವು ದಿನ ಅಲ್ಲಿದ್ದು, ಪರೀಕ್ಷಿಸಿ ಅಭಿಪ್ರಾಯವನ್ನು ಕೊಡುವುದು. ವಿದ್ವತ್ಸಭೆಯಲ್ಲಿ ಸಮಾನವಿದ್ಯರು ಪರಸ್ಪರ ಪರೀಕ್ಷಿಸುವಂತೆ ಇದು. ಬಸ್ಸು ಚಾಲಕರೂ ಮೆಕ್ಯಾನಿಕ್ಕುಗಳೂ ತಮ್ಮ ಕೌಶಲವನ್ನು ತೋರಿಸುವ ಸ್ಪರ್ಧೆಗಳನ್ನೂ ಸಂಘವು ಏರ್ಪಡಿಸುವುದುಂಟು.

ಮಾನವೆಂದರೆ ಅಳತೆ, ಪ್ರಮಾಣ. ಒಂದೊಂದು ಊರೂ ತನಗೆ ತೋಚಿದ ಅಳತೆಯ ಗಾಡಿಯನ್ನು ಕೇಳಿದರೆ ತಯಾರಕನು ಒಂದೊಂದನ್ನೂ ಬೇರೆಯಾಗಿ ಮಾಡಬೇಕು. ಬೆಲೆಯೂ ಏರುವುದು, ಬಿಡಿಭಾಗಗಳೂ ದುರ್ಲಭವಾಗುವುವು. ಎಲ್ಲರೂ ಒಂದು ಪ್ರಮಾಣಕ್ಕೆ ಒಪ್ಪಿದರೆ ಎಲ್ಲರಿಗೂ ಲಾಭ. ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ಮೋಟಾರುಗಾಡಿಗಳ ಪೈಪೋಟಿಯಿಂದ ಟ್ರ್ಯಾಮುಗಳು ಕುಗ್ಗುತ್ತಿದ್ದಾಗ, ಸುಮಾರು ೧೯೩೦ರಲ್ಲಿ, ವಿದ್ಯುದ್ರೈಲು ಕಂಪನಿಗಳ ಅಧ್ಯಕ್ಷರು ಕೂಡಿ ಒಂದು ಸಮಿತಿಯನ್ನು ಮಾಡಿ, ಹಣವನ್ನು ಕೂಡಿಸಿ, ಕ್ಲಾರೆನ್ಸ್ ಹಿರ್ಷ್‌ಫೆಲ್ಡ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಹೊಸ ಟ್ರ್ಯಾಮಿನ ಸಂಶೋಧನೆಯನ್ನು ಮಾಡಿಸಿದರು. ಸದ್ದು ಕಡಮೆ, ಅಲುಗಾಟ ಕಡಮೆ, ವೇಗವನ್ನು ನಯವಾಗಿ ಪಡೆಯುವ ಆ ಗಾಡಿಯು ೧೯೩೬ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಓಡತೊಡಗಿತು. ಅಧ್ಯಕ್ಷರ ಆ ಸಮಿತಿಯ ಹೆಸರಿನ ಮೊದಲಕ್ಷರಗಳಿಂದಲೇ ಅದು ಪಿ.ಸಿ.ಸಿ. ಗಾಡಿಯೆಂದು ಹೆಸರಾಯಿತು. ಉತ್ತರ ಅಮೇರಿಕದಲ್ಲಿ ಸುಮಾರು ೫೦೦೦ ಗಾಡಿಗಳು ಈ ಮಾದರಿಯಲ್ಲಿ ತಯಾರಾದುವು. ಯೂರೋಪಿನಲ್ಲಿಯೂ ಇದನ್ನನುಸರಿಸಿ ಕಟ್ಟಿದರು. ಟ್ರ್ಯಾಮುಗಳ ಅವನತಿಯನ್ನು ಈ ಗಾಡಿಯು ತಡೆಯಲಾರದೆ ಹೋಯಿತಾದರೂ ಒಂಟಿಯಾದ ಯಾವ ಕಂಪನಿಗೂ ಸಾಧ್ಯವಿಲ್ಲದ ಶೋಧನೆಯು ಕೂಡಿದವರಿಗೆ ಸಾಧ್ಯವಾಯಿತೆಂಬುದು ಸಿದ್ಧವಾಯಿತು.

ವಾಣಿಯೆಂದರೆ ಸರ್ಕಾರದ ಮುಂದೆ ಸದಸ್ಯರೆಲ್ಲರ ಪರವಾಗಿ ಆಡುವ ಮಾತು. ಎರಡನೆಯ ಮಹಾಯುದ್ಧದ ತರುವಾಯ ಅಮೇರಿಕದ ಜನರು ಸ್ವಂತ ಕಾರುಗಳಿಗೆ ತಿರುಗಿದುದರಿಂದ ಸಾರಿಗೆ ಕಂಪನಿಗಳು ನಷ್ಟಕ್ಕೆ ಸಿಕ್ಕಿ, ಒಂದೊಂದಾಗಿ ನಗರಗಳ ಕೈಸೇರಿದುವು. ೧೯೬೪ರ ಕಾಯಿದೆಯಿಂದ ಕೇಂದ್ರಸರ್ಕಾರವು ವಾಹನ, ಕಟ್ಟಡ ಮೊದಲಾದ ಬಂಡವಾಳದ ಖರ್ಚಿಗೆ ಸಹಾಯಕೊಡತೊಡಗಿತು. ೧೯೭೪ರ ಕಾಯಿದೆಯಿಂದ ನಿತ್ಯಸಂಚಾರದ ಖರ್ಚಿಗೂ ಸಹಾಯವು ಒದಗಿತು. ಹೀಗೆ ಲಾಭವನ್ನೆಣಿಸುವ ಯಜಮಾನರ ಕೂಟವಾಗಿದ್ದ ಸಂಘವು ಸಾರ್ವಜನಿಕ ಸಂಸ್ಥೆಗಳ ಕೂಟವಾಗಿ ಮಾರ್ಪಟ್ಟಿತು. ಅಂದಿನಿಂದ ಸರ್ಕಾರದ ಮುಂದೆ ಆಡುವ ಮಾತೇ ಅದರ ಕಾರ್ಯಗಳಲ್ಲಿ ಪ್ರಧಾನವಾಯಿತು.

೫. ವಿಸಂವಾದದ ಮೂಲ

ಜ್ಞಾನವನ್ನು ಹಂಚಿದರೆ ಅದು ಕಡಮೆಯಾಗದು. ಹಣವನ್ನು ಹಂಚಿದರೆ ಒಬ್ಬನಿಗೆ ಹೆಚ್ಚಾದುದು ಇನ್ನೊಬ್ಬನಿಗೆ ಕಡಮೆಯಾಗುವುದು. ಪ್ರಯಾಣಿಕರಿಗಾಗಿ ಸ್ಪರ್ಧೆಯಿಲ್ಲದ ಸದಸ್ಯರು ಸರ್ಕಾರದ ಸಹಾಯಧನದ ಮುಂದೆ ನಿಂತಾಗ ಸ್ಪರ್ಧಿಗಳಾಗುತ್ತಾರೆ. ನೂರು ವರ್ಷದ ಹಳೆಯ ಸುರಂಗರೈಲುಗಳನ್ನು ದುರಸ್ತಿಮಾಡಬೇಕಾದ ಮಹಾನಗರಕ್ಕೆ ಬೇಕಾದುದು ಒಂದು. ಹತ್ತಿಪ್ಪತ್ತು ಬಸ್ಸುಗಳ ಸಣ್ಣ ಊರಿಗೆ ಬೇಕಾದುದು ಮತ್ತೊಂದು. ಇವರಿಬ್ಬರ ಪರವಾಗಿ ಆಡತಕ್ಕ ಒಂದೇ ಮಾತು ಯಾವುದು? ಸಂಖ್ಯೆಯಿಂದ ನಿರ್ಣಯಿಸಿದರೆ ಸಣ್ಣವರು ಹೆಚ್ಚು; ಚಂದಾದಿಂದ ನಿರ್ಣಯಿಸಿದರೆ ದೊಡ್ಡವರು ಹೆಚ್ಚು.

ಈ ತೊಡಕು ೨೦೧೬ರಲ್ಲಿ ಬಹಿರಂಗವಾಯಿತು. ಅಮೇರಿಕದ ಸಾರ್ವಜನಿಕ ಸಾರಿಗೆಯ ಪ್ರಯಾಣಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಹೊರುತ್ತಿದ್ದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಟ್ರಾನ್ಸ್‌ಪೋರ್ಟೇಷನ್ ಅಥಾರಿಟಿಯು ಆ ವರ್ಷ ಸಂಘವನ್ನು ಬಿಟ್ಟುಹೊರಟಿತು. ತನ್ನಂತಹ ಹಳೆಯ ದೊಡ್ಡ ಸಂಸ್ಥೆಗಳ ಅಗತ್ಯಕ್ಕೆ ತಕ್ಕ ಗಮನವಿಲ್ಲ, ಸಂಘದ ಆಡಳಿತಕ್ರಮವು ಸಮಾಧಾನಕರವಾಗಿಲ್ಲ, ಕೊಡುವ ಚಂದಾಕ್ಕೆ ಸಮನಾದ ಪ್ರಯೋಜನವಿಲ್ಲ ಎಂಬುದು ಅದರ ಆಕ್ಷೇಪಗಳ ಸಾರ. ಮೂರನೆಯ ಒಂದು ಪಾಲು ಹೊರಗೆ ನಿಂತಾಗ, ಸಾರಿಗೆಯವರೆಲ್ಲರ ಪರವಾಗಿ ಆಡುತ್ತಿದ್ದೇವೆಂಬ ಸಂಘದ ಮಾತಿಗೆ ಎಷ್ಟು ತೂಕವುಳಿದೀತೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿ ಹಳೆಯ ಸಮೂಹಕ್ಕೂ ಹೊಸ ಸಂಘಕ್ಕೂ ಇರುವ ಮುಖ್ಯವಾದ ಭೇದವನ್ನು ಮರೆಮಾಚದೆ ಹೇಳಬೇಕು. ಹಿಂದೆ ಮುಖ್ಯರಿಗೂ ಸಮೂಹಕ್ಕೂ ವಿಸಂವಾದ ಬಂದರೆ ವಿಚಾರಿಸಲು ರಾಜನಿದ್ದನು. ಸಂವಿತ್ತನ್ನು ಮೀರಿದವನಿಗೆ ದಂಡವಿದ್ದಿತು. ಈಗಿನ ಸಂಘದ ಸದಸ್ಯನು ಬಿಟ್ಟುಹೋಗಲು ಸ್ವತಂತ್ರನು. ಸಂಘವು ಪ್ರಕಟಿಸಿದ ಪ್ರಮಾಣವನ್ನು ಅನುಸರಿಸುವುದೂ ಬಿಡುವುದೂ, ಸರ್ಕಾರವು ಅದನ್ನು ಕಾನೂನಾಗಿ ಮಾಡದಿರುವವರೆಗೆ, ಅವನ ಇಚ್ಛೆ. ನಮ್ಮ ಪೂರ್ವಿಕರಲ್ಲಿ ಈಗಿನದೆಲ್ಲವೂ ಇದ್ದಿತೆಂದು ಹೇಳಹೊರಡುವವರು ಈ ಭೇದವನ್ನು ಮರೆಯಬಾರದು. ಆದರೆ ದಂಡವಿಲ್ಲದ ಕಡೆ ಶುಚಿತ್ವದ ಭಾರವು ಇಮ್ಮಡಿಯಾಗುವುದೆಂಬುದನ್ನೂ ಮರೆಯಬಾರದು. ಕೊಳ್ಳುವವರೂ ಮಾರುವವರೂ ಒಂದೇ ಸಂಘದಲ್ಲಿ ಕುಳಿತಿರುವಾಗ, ಸಮೂಹದ ಕಾರ್ಯಕ್ಕೆ ಹೋದವನು ಪಡೆದುದನ್ನೆಲ್ಲ ಸಮೂಹಕ್ಕೊಪ್ಪಿಸಬೇಕೆಂಬ ವಿಧಿಯು ಹಳೆಯದಾಗಿ ಕಾಣುವುದಿಲ್ಲ. ಬಸ್ಸಿನ ಪ್ರಮಾಣವನ್ನು ಬರೆಯುವ ಸಮಿತಿಯಲ್ಲಿ ಬಸ್ಸನ್ನು ಮಾರುವವನ ಜ್ಞಾನವು ಬೇಕು. ಅವನ ಲಾಭವು ಆ ಬರಹದೊಳಗೆ ನುಸುಳಬಾರದು.

೬. ನಮ್ಮ ದೇಶದ ಸಂಘ

ಭಾರತದಲ್ಲಿ ಈ ಬಗೆಯ ಸಂಘವು ಹುಟ್ಟಿದ ಸನ್ನಿವೇಶವೇ ಬೇರೆ. ಅಮೇರಿಕದ ಸಂಘವು ಖಾಸಗಿ ಕಂಪನಿಗಳಿಂದ ಆರಂಭವಾದರೆ ನಮ್ಮದು ಸರ್ಕಾರಿ ಸಂಸ್ಥೆಗಳಿಂದ ಆರಂಭವಾಯಿತು. ಮೈಸೂರು ಸಂಸ್ಥಾನದಲ್ಲಿ ೧೯೪೮ನೆಯ ಸೆಪ್ಟೆಂಬರ್ ೧೨ರಂದು ಸರ್ಕಾರದ ರಸ್ತೆಸಾರಿಗೆ ಇಲಾಖೆಯು ೧೨೦ ಬಸ್ಸುಗಳೊಡನೆ ಪ್ರಾರಂಭವಾದುದನ್ನು ಬಲ್ಲವರು ಬಲ್ಲರು. ೧೯೫೦ರಲ್ಲಿ ರಸ್ತೆಸಾರಿಗೆ ನಿಗಮಗಳ ಕಾಯಿದೆಯು ಬಂದಿತು. ಅದರಂತೆ ೧೯೬೧ನೆಯ ಆಗಸ್ಟ್ ೧ರಂದು ನಮ್ಮ ಇಲಾಖೆಯು ನಿಗಮವಾಯಿತು. ಬೇರೆ ರಾಜ್ಯಗಳಲ್ಲಿಯೂ ಇಂತಹ ನಿಗಮಗಳೂ ಇಲಾಖೆಗಳೂ ನಗರಸಭೆಗಳ ಸಾರಿಗೆಗಳೂ ತಲೆಯೆತ್ತಿದುವು. ಇವೆಲ್ಲ ಕೂಡಿ ೧೯೬೫ರಲ್ಲಿ ರಾಜ್ಯ ರಸ್ತೆಸಾರಿಗೆ ಸಂಸ್ಥೆಗಳ ಸಂಘವನ್ನು ಕಟ್ಟಿಕೊಂಡುವು. ಅದರ ಕಚೇರಿಯು ನವದೆಹಲಿಯಲ್ಲಿದೆ. ಸದಸ್ಯಸಂಸ್ಥೆಗಳ ಮುಖ್ಯಾಧಿಕಾರಿಗಳೇ ಆಡಳಿತದಲ್ಲಿ ಕುಳಿತುಕೊಳ್ಳುವರು. ನಿತ್ಯಕಾರ್ಯವು ಕಾರ್ಯನಿರ್ವಾಹಕ ನಿರ್ದೇಶಕರದು.

ಈ ಸಂಘದ ಸೇವೆಗಳಲ್ಲಿ ವಿಶಿಷ್ಟವಾದುದು ದರ ಕರಾರು. ಟೈರು, ಬ್ಯಾಟರಿ, ಬಿಡಿಭಾಗ ಮೊದಲಾದುವುಗಳಿಗೆ ಸಂಘವು ತಯಾರಕರಿಂದ ದರಗಳನ್ನು ಕರೆದು, ಗುಣವನ್ನು ವಿಚಾರಿಸಿ, ಒಂದು ಅವಧಿಗೆ ಬೆಲೆಯನ್ನೂ ಷರತ್ತುಗಳನ್ನೂ ಗೊತ್ತುಮಾಡುವುದು. ಸದಸ್ಯಸಂಸ್ಥೆಯು ಆ ದರಕ್ಕೆ ನೇರವಾಗಿ ಸಾಮಾನನ್ನು ತರಿಸಿಕೊಳ್ಳುವುದು. ಸಾವಿರಾರು ಬಸ್ಸುಗಳ ನಿಗಮಕ್ಕೆ ದೊರೆಯುವ ದರವೇ ಐವತ್ತು ಬಸ್ಸುಗಳ ನಗರಸಭೆಗೂ ದೊರೆಯುವುದು. ವಿದ್ಯೆಯ ಭಾಗವನ್ನು ನೋಡಿದರೆ, ೧೯೬೭ರಲ್ಲಿ ಸಂಘವೂ ಕೇಂದ್ರಸರ್ಕಾರವೂ ಕೂಡಿ ಪುಣೆಯಲ್ಲಿ ಸ್ಥಾಪಿಸಿದ ಕೇಂದ್ರ ರಸ್ತೆಸಾರಿಗೆ ಸಂಸ್ಥೆಯು ಅಧಿಕಾರಿಗಳಿಗೆ ಶಿಕ್ಷಣವನ್ನು ಕೊಡುವುದಲ್ಲದೆ ವಾಹನಗಳ ಭಾಗಗಳನ್ನು ಪರೀಕ್ಷೆಗೂ ಒಳಪಡಿಸುವುದು.

ದರ ಕರಾರು ಸಂವಿತ್ತಿಗೆ ನಿರ್ಮಲವಾದ ಉದಾಹರಣೆ. ಅದರ ದೌರ್ಬಲ್ಯವೂ ಸಂವಿತ್ತಿನದೇ. ದೊಡ್ಡ ನಿಗಮವು ತಾನೇ ಟೆಂಡರನ್ನು ಕರೆದು ಇನ್ನೂ ಅಗ್ಗವಾಗಿ ಪಡೆಯಬಲ್ಲೆನೆಂದು ಹೊರಟರೆ ಅದಕ್ಕೆ ಆ ವರ್ಷ ಲಾಭವೇ ಆದೀತು. ಆದರೆ ದೊಡ್ಡವರ ಬೇಡಿಕೆಯು ಹೊರಹೋದ ಮೇಲೆ ಉಳಿದವರ ಮಾತಿಗೆ ತಯಾರಕನು ಕಿವಿಗೊಡುವುದು ಕಡಮೆಯಾಗುವುದು. ಸಣ್ಣ ಊರಿನ ಬಸ್ಸು ದುಬಾರಿಯ ಬಿಡಿಭಾಗಕ್ಕಾಗಿ ಕಾಯುತ್ತ ಡಿಪೋದಲ್ಲಿ ನಿಲ್ಲುವುದು. ಆ ಬಸ್ಸಿಗಾಗಿ ಹಳ್ಳಿಯ ಹಾದಿಯಲ್ಲಿ ಕಾದು ನಿಂತ ವಿದ್ಯಾರ್ಥಿಗೆ ಸಂಘದ ಹೆಸರೂ ತಿಳಿಯದು, ದರ ಕರಾರೂ ತಿಳಿಯದು. ಬಸ್ಸು ಬರಲಿಲ್ಲವೆಂಬುದೊಂದೇ ತಿಳಿಯುವುದು. ಕರ್ನಾಟಕದ ಒಂದು ನಿಗಮವು ೧೯೯೭ರಲ್ಲಿಯೂ ೨೦೦೦ದಲ್ಲಿಯೂ ವಿಭಾಗಗೊಂಡು ನಾಲ್ಕಾದ ಮೇಲೆ ಈ ವಿಚಾರವು ನಮಗೆ ಇನ್ನಷ್ಟು ಸಮೀಪವಾಗಿದೆ. ಆಡಳಿತಕ್ಕಾಗಿ ಬೇರೆಯಾದವರು ಖರೀದಿಗೂ ವಿದ್ಯೆಗೂ ಕೂಡಿರುವುದು ಹೇಗೆಂಬ ಪ್ರಶ್ನೆಗೆ ಉತ್ತರವು ಸಂಘದಲ್ಲಿಯೇ ಇರುವುದು.

೭. ಉಪಸಂಹಾರ

ಇದುವರೆಗಿನ ವಿಚಾರದಿಂದ ಸಾರಿಗೆಯ ಯಾವ ಸಂಘವನ್ನಾದರೂ ಪರೀಕ್ಷಿಸಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಗಣದ್ರವ್ಯದ ಲೆಕ್ಕವನ್ನು ಪ್ರತಿಯೊಬ್ಬ ಸದಸ್ಯನೂ ನೋಡಬಲ್ಲನೇ? ಕಾರ್ಯಚಿಂತಕರ ಸ್ವಂತ ಲಾಭವು ಅವರ ಮಾತಿನಿಂದ ಬೇರೆಯಾಗಿರುವುದೇ? ಹೆಚ್ಚು ಹೇರುಳ್ಳವನ ಮಾತು ಕೇಳಿಸುವಂತೆಯೂ ಕಡಮೆ ಹೇರುಳ್ಳವನ ಮಾತು ಅಡಗದಂತೆಯೂ ನಿರ್ಣಯಗಳು ನಡೆಯುವುವೇ? ಮೂರಕ್ಕೂ ಹೌದೆಂಬ ಉತ್ತರವಿದ್ದಲ್ಲಿ ಸಂಘವು ಆಜ್ಞಾಬಲವಿಲ್ಲದೆಯೂ ನಿಲ್ಲುವುದು. ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ, ಸದಸ್ಯರು ಚಂದಾವನ್ನು ಕೊಡುತ್ತಿರುವವರೆಗೆ ಸಂಘದ ಹೆಸರುಳಿದೀತು, ಸಂವಿತ್ತು ಉಳಿಯದು.

ಮಿತಾಕ್ಷರೆಯ ಈ ಪ್ರಕರಣವು ಪಾಠಶಾಲೆಗಳಲ್ಲಿ ದಾಯಭಾಗದಷ್ಟು ಆದರದಿಂದ ಓದಲ್ಪಡುವುದಿಲ್ಲ. ಸಹಕಾರಸಂಘಗಳೂ ವೃತ್ತಿಸಂಘಗಳೂ ತುಂಬಿರುವ ಈ ಕಾಲದಲ್ಲಿ ಅದನ್ನು ಪುನಃ ತೆರೆದು ನೋಡುವುದು ಉಚಿತ. ಶಾಸನಗಳನ್ನು ಬಲ್ಲ ವಿದ್ವಾಂಸರು ಐನೂರ್ವರ ಕಟ್ಟಳೆಗಳನ್ನು ಈ ದೃಷ್ಟಿಯಿಂದ ಸಂಗ್ರಹಿಸಿಕೊಟ್ಟರೆ, ಇಲ್ಲಿ ಸ್ಥೂಲವಾಗಿ ಹೇಳಿದುದು ಇನ್ನೂ ದೃಢವಾದ ಆಧಾರವನ್ನು ಪಡೆಯುವುದು.